ಹೆರಾನ್‌ನ ಸ್ವಯಂಚಲಿ ಬಂಡಿ: ಮರದಲ್ಲಿ ಕಟ್ಟುವ ಕ್ರಮ

ಪುರಾತನ ಗ್ರೀಕರ ಸ್ವಯಂಚಲಿ ಯಂತ್ರಗಳ ಪ್ರಸ್ತಾಪ ಬಂದಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಮೋಟಾರು, ಬ್ಯಾಟರಿ, ಸ್ಪ್ರಿಂಗು ಯಾವುದೂ ಇಲ್ಲದೆ ಒಂದು ಬಂಡಿ ತಾನಾಗಿ ಹೊರಟು, ಹೇಳಿದಲ್ಲಿ ನಿಂತು, ಮತ್ತೆ ಹಿಂದಿರುಗುವುದು ಹೇಗೆ? ಅದನ್ನು ಮನೆಯಲ್ಲೇ ಮಾಡಲು ಲೇತ್ ಯಂತ್ರ ಬೇಕೇ? ಹಲ್ಲುಗಾಲಿಗಳನ್ನು ಕೊರೆಯಬೇಕೇ? ಎರಡೂ ಬೇಕಿಲ್ಲ. ಗರಗಸ, ಬೈರಿಗೆ, ಅರ ಹಿಡಿದು ಅಭ್ಯಾಸವಿರುವ ಯಾರಾದರೂ ಕಟ್ಟಬಹುದಾದ ಒಂದು ಬಂಡಿಯನ್ನು ಇಲ್ಲಿ ಅಳತೆಸಮೇತ ವಿವರಿಸಿದ್ದೇನೆ.

ಮೂಲ ಯಂತ್ರ ಅಲೆಕ್ಸಾಂಡ್ರಿಯಾದ ಹೆರಾನ್‌ನದು. ಪ್ರೌಢಶಾಲೆಯ ಗಣಿತದಲ್ಲಿ ತ್ರಿಭುಜದ ವಿಸ್ತೀರ್ಣಕ್ಕೆ ನಾವು ಕಲಿಯುವ ಸೂತ್ರ ಇದೇ ಹೆರಾನ್‌ನ ಹೆಸರಿನಲ್ಲಿದೆ. ಅವನ ಬರಹದಲ್ಲಿ ಬರುವ ಚಂದ್ರಗ್ರಹಣವೊಂದನ್ನು ಕ್ರಿ.ಶ. 62ರದೆಂದು ಗುರುತಿಸಿರುವುದರಿಂದ ಅವನನ್ನು ಮೊದಲನೆಯ ಶತಮಾನದವನೆಂದು ಪರಿಗಣಿಸುತ್ತಾರೆ. ಸ್ವಯಂಚಲಿ ಯಂತ್ರಗಳ ರಚನೆಯನ್ನೇ ಕುರಿತು ಅವನು ಒಂದು ಗ್ರಂಥ ಬರೆದಿದ್ದು, ಅದರಲ್ಲಿ ಎರಡು ಬಗೆಯ ಯಂತ್ರಗಳಿವೆ. ಒಂದು, ನಿಂತಲ್ಲೇ ದೃಶ್ಯಗಳನ್ನು ಆಡಿ ತೋರಿಸುವ ಪುಟ್ಟ ರಂಗಮಂದಿರ. ಇದರಲ್ಲಿ ತನಗಿಂತ ಹಿಂದಿನ ಬೈಜಾಂಟಿಯಮ್‌ನ ಫಿಲೋ ಮಾಡಿದ ಕೆಲಸಕ್ಕೆ ತಾನು ಋಣಿಯೆಂದು ಹೆರಾನ್ ಹೇಳಿಕೊಳ್ಳುತ್ತಾನೆ. ಇನ್ನೊಂದು, ಡಯೊನೈಸಸ್ ದೇವರ ಗುಡಿಯನ್ನು ಹೊತ್ತು ನೆಲದ ಮೇಲೆ ಚಲಿಸುವ ಬಂಡಿ. ಅದು ತಾನಾಗಿ ಮುಂದೆ ಬಂದು ನಿಲ್ಲುತ್ತದೆ, ಬಲಿಪೀಠದ ಮೇಲೆ ಬೆಂಕಿ ಹೊತ್ತಿಕೊಳ್ಳುತ್ತದೆ, ದೇವರ ದಂಡದಿಂದ ಹಾಲೂ ಬಟ್ಟಲಿನಿಂದ ದ್ರಾಕ್ಷಾರಸವೂ ಸುರಿಯುತ್ತವೆ, ಸುತ್ತಲಿನ ನರ್ತಕಿಯರು ಕುಣಿಯುತ್ತಾರೆ, ಬಳಿಕ ಬಂಡಿ ಹೊರಟಲ್ಲಿಗೇ ಮರಳುತ್ತದೆ.

ಮೊದಲ ಪ್ರಯತ್ನಕ್ಕೆ ಬಂಡಿಯನ್ನು ಮಾತ್ರ ಕಟ್ಟಿ. ಗುಡಿ, ಬೆಂಕಿ, ಹಾಲು ಎಲ್ಲವೂ ಆಮೇಲೆ. ಅನೇಕರು ಗೊಂಬೆಗಳನ್ನು ಕೆತ್ತುವುದರಿಂದ ಆರಂಭಿಸಿ, ಗಾಲಿ ಉರುಳದೆ ಹೋದಾಗ ಕೈಬಿಡುತ್ತಾರೆ. ಈ ಯಂತ್ರದ ಜೀವವಿರುವುದು ಅಚ್ಚಿಗೆ ಸುತ್ತಿದ ದಾರದಲ್ಲಿ.

ಬಂಡಿ ನಡೆಯುವ ಬಗೆ

ಬಂಡಿಯ ಮೇಲೆ ಒಂದು ಗೋಪುರ, ಅದರೊಳಗೆ ಕಿರುಧಾನ್ಯ, ಧಾನ್ಯದ ಮೇಲೆ ಒಂದು ಭಾರ. ಗೋಪುರದ ತಳದ ರಂಧ್ರವನ್ನು ತೆರೆದಾಗ ಕಾಳು ಕೆಳಗೆ ಸುರಿಯುತ್ತದೆ, ಭಾರ ನಿಧಾನವಾಗಿ ಇಳಿಯುತ್ತದೆ. ಭಾರಕ್ಕೆ ಕಟ್ಟಿದ ದಾರವು ಮೇಲಿನ ರಾಟೆಯನ್ನು ಬಳಸಿ ಹಿಂದುಗಡೆ ಇಳಿದು ಅಚ್ಚಿನ ಉರುಳೆಗೆ (ಅಚ್ಚಿಗೆ ತೊಡಿಸಿದ ದಪ್ಪ ಮರದ ತುಂಡಿಗೆ) ಸುತ್ತಿಕೊಂಡಿರುತ್ತದೆ. ಭಾರ ಇಳಿದಂತೆ ದಾರ ಬಿಚ್ಚಿಕೊಂಡು ಗಾಲಿಗಳು ತಿರುಗುತ್ತವೆ. ಬುಗುರಿಗೆ ಚಾಟಿಯನ್ನು ಯಾವ ಕಡೆಗೆ ಸುತ್ತಿದ್ದೇವೆಂಬುದರ ಮೇಲೆ ಅದು ತಿರುಗುವ ದಿಕ್ಕು ನಿಂತಿರುವ ಹಾಗೆ, ಇಲ್ಲಿಯೂ ಸುತ್ತಿನ ದಿಕ್ಕನ್ನು ಬದಲಿಸಿದರೆ ಬಂಡಿ ಹಿಮ್ಮುಖವಾಗುತ್ತದೆ. ಹೀಗೆ ಗೂಟ ಮತ್ತು ದಾರಗಳ ಮೂಲಕ ಚಲನೆಯನ್ನು ಮೊದಲೇ ಬರೆದಿಡುವುದರಿಂದ, ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ನೋಯೆಲ್ ಶಾರ್ಕಿಯವರು 2007ರಲ್ಲಿ ಇದನ್ನು ಪ್ರೋಗ್ರಾಮ್ ಮಾಡಬಹುದಾದ ಆರಂಭಿಕ ರೋಬಾಟ್ ಎಂದು ಗುರುತಿಸಿ, ಸರಳ ಮಾದರಿಯೊಂದನ್ನು ಮಾಡಿ ತೋರಿಸಿದ್ದರು.

ನೀರಿನ ಬದಲು ಕಾಳೇ ಏಕೆ ಎಂಬುದನ್ನು ಅರಿತಿರುವುದು ಅಗತ್ಯ. ಪಾತ್ರೆಯ ತಳದ ರಂಧ್ರದಿಂದ ಹರಿಯುವ ನೀರಿನ ವೇಗ ಮಟ್ಟ ಇಳಿದಂತೆ ಕಡಿಮೆಯಾಗುತ್ತದೆ. ಕಾಳಿನ ರಾಶಿಯಲ್ಲಿ ಹಾಗಾಗುವುದಿಲ್ಲ. ರಾಶಿಯ ಭಾರದ ಬಹುಪಾಲನ್ನು ಗೋಪುರದ ಗೋಡೆಗಳೇ ಹೊರುವುದರಿಂದ, ಕಾಳು ತುಂಬಿದ್ದಾಗಲೂ ಮುಕ್ಕಾಲು ಖಾಲಿಯಾದಾಗಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುರಿಯುತ್ತದೆ. ಚಲಿಸುವ ಯಂತ್ರಕ್ಕೆ ಹಗುರವೂ ಜಾರುವ ಗುಣದ್ದೂ ಆದ ಬರಗು ಅಥವಾ ಸಾಸಿವೆಯನ್ನು, ನಿಂತ ಯಂತ್ರಕ್ಕೆ ಒಣ ಮರಳನ್ನು ಹೆರಾನ್ ಸೂಚಿಸುತ್ತಾನೆ. ಬರಗು ಸಿಗದಿದ್ದರೆ ಚೆನ್ನಾಗಿ ಕೇರಿದ ರಾಗಿಯೂ ಆಗುತ್ತದೆ, ಆದರೆ ಗುಂಡಗೆ ನುಣುಪಾಗಿರುವ ಸಾಸಿವೆಗೆ ಸಮನಾದದ್ದು ಇಲ್ಲ.

ಬೇಕಾದ ಸಾಮಗ್ರಿ

12 ಮಿ.ಮೀ. ಮತ್ತು 6 ಮಿ.ಮೀ. ದಪ್ಪದ ಪ್ಲೈವುಡ್, 20 ಮಿ.ಮೀ. ವ್ಯಾಸದ ದುಂಡು ಮರದ ಕೋಲು, 6 ಮಿ.ಮೀ. ದಪ್ಪದ ನೇರವಾದ ಕಬ್ಬಿಣದ ಸರಳು, ಆ ಸರಳು ಸಡಿಲವಾಗಿ ತಿರುಗುವಷ್ಟು ಒಳವ್ಯಾಸದ ಹಿತ್ತಾಳೆಯ ಬುಷ್‌ಗಳು (ಅಚ್ಚನ್ನು ಹಿಡಿದಿಡುವ ಚಿಕ್ಕ ಕೊಳವೆಗಳು), 1 ಮಿ.ಮೀ. ದಪ್ಪದ ಹತ್ತಿಯ ಹುರಿ, ಜೇನುಮೇಣ, ರಾಳ, ಮರದ ಅಂಟು, ಎಪಾಕ್ಸಿ ಅಂಟು, ಒಂದೂವರೆ ಕಿಲೋ ತೂಗುವಷ್ಟು ಕಬ್ಬಿಣದ ನಟ್ಟುಗಳು, ಒಂದೂವರೆ ಕಿಲೋ ಸಾಸಿವೆ ಅಥವಾ ಬರಗು. ಹೆರಾನ್ ಸೀಸದ ಭಾರವನ್ನು ಬಳಸಿದ್ದನು. ಸೀಸ ವಿಷಕಾರಿಯಾದ್ದರಿಂದ ಅದನ್ನು ಮನೆಯಲ್ಲಿ ಕರಗಿಸುವ ಗೋಜಿಗೆ ಹೋಗಬೇಡಿ. ಉಪಕರಣಗಳ ಪೈಕಿ ಮೂಲೆಮಟ್ಟ ಮತ್ತು ರಸಮಟ್ಟಗಳನ್ನು ಅನೇಕರು ಕಡೆಗಣಿಸುತ್ತಾರೆ, ಆದರೆ ಅವಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಹಂತ 1: ದಾರವನ್ನು ಹದಗೊಳಿಸುವುದು

ಮರವನ್ನು ಮುಟ್ಟುವ ಮೊದಲೇ ಇದನ್ನು ಆರಂಭಿಸಿ, ಏಕೆಂದರೆ ಇದಕ್ಕೆ ಸಮಯ ಹಿಡಿಯುತ್ತದೆ. ದಾರ ಹಿಗ್ಗಿದರೆ ಅಥವಾ ಕುಗ್ಗಿದರೆ ಬಂಡಿ ನಿಲ್ಲಬೇಕಾದ ಜಾಗ ಪ್ರತಿಸಲವೂ ಬದಲಾಗುತ್ತದೆ. ಪ್ರಾಣಿಗಳ ನರದಿಂದ ಮಾಡಿದ ಹುರಿ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಅದನ್ನು ಬಳಸಬಾರದೆಂದು ಹೆರಾನ್ ಎಚ್ಚರಿಸುತ್ತಾನೆ. ಇಂದಿನ ನೈಲಾನ್ ದಾರಕ್ಕೂ ಹಿಗ್ಗುವ ದೋಷವಿದೆ.

ಅವನ ವಿಧಾನವನ್ನೇ ಅನುಸರಿಸಿ. ಎರಡು ಗೂಟಗಳ ನಡುವೆ ಹುರಿಯನ್ನು ಬಿಗಿಯಾಗಿ ಎಳೆದು ಕಟ್ಟಿ ಕೆಲಹೊತ್ತು ಬಿಡಿ. ಸಡಿಲವಾದಾಗ ಮತ್ತೆ ಬಿಗಿಯಿರಿ. ಹೀಗೆ ಹಲವು ಬಾರಿ ಮಾಡಿದ ಬಳಿಕ ಮೇಣ ಮತ್ತು ರಾಳವನ್ನು ಕಾಯಿಸಿ ಬೆರೆಸಿದ ಮಿಶ್ರಣವನ್ನು ತೆಳುವಾಗಿ ಹಚ್ಚಿ, ಭಾರ ಕಟ್ಟಿ ತೂಗುಹಾಕಿ. ಮೇಣವನ್ನು ನೇರ ಉರಿಯ ಮೇಲೆ ಕಾಯಿಸದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಅದು ಬೇಗನೆ ಹೊತ್ತಿಕೊಳ್ಳುತ್ತದೆ. ನೀವು ಕಟ್ಟುವ ಭಾರ ಬಂಡಿಯಲ್ಲಿ ಬಳಸುವುದಕ್ಕಿಂತ ಹೆಚ್ಚಾಗಿರಲಿ, ಎರಡು ಕಿಲೋ ಸಾಕು. ದಾರದ ಮೇಲೆ 50 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಮಾಡಿಟ್ಟು, ಆ ಅಂತರ ಒಂದು ರಾತ್ರಿಯಲ್ಲಿ ಬದಲಾಗದಿದ್ದಾಗ ದಾರ ಸಿದ್ಧವಾಗಿದೆ ಎಂದು ತಿಳಿಯಿರಿ.

ಹಂತ 2: ಗಾಲಿ ಮತ್ತು ಅಚ್ಚು

12 ಮಿ.ಮೀ. ಪ್ಲೈವುಡ್‌ನಲ್ಲಿ 120 ಮಿ.ಮೀ. ವ್ಯಾಸದ ಎರಡು ಗಾಲಿಗಳನ್ನೂ 80 ಮಿ.ಮೀ. ವ್ಯಾಸದ ಒಂದು ಮುಂಗಾಲಿಯನ್ನೂ ಗೆರೆಯಿಂದ ತುಸು ಹೊರಗೆ ಕತ್ತರಿಸಿ. ದೊಡ್ಡ ಗಾಲಿಗಳೆರಡನ್ನೂ ಒಂದೇ ಸರಳಿಗೆ ಜೊತೆಯಾಗಿ ಪೋಣಿಸಿ, ತಿರುಗಿಸುತ್ತಾ ಅಂಚನ್ನು ಉಜ್ಜುಕಾಗದಕ್ಕೆ ತಾಗಿಸಿ ಗೆರೆಯವರೆಗೆ ಸವೆಸಿ. ಜೊತೆಯಾಗಿ ಸವೆಸುವುದು ಏಕೆಂದರೆ, ಎರಡರ ವ್ಯಾಸದಲ್ಲಿ ಕೇವಲ 1 ಮಿ.ಮೀ. ವ್ಯತ್ಯಾಸವಿದ್ದರೂ ಒಂದೂವರೆ ಮೀಟರ್ ಸಾಗುವಷ್ಟರಲ್ಲಿ ಬಂಡಿ ಮೂರು ನಾಲ್ಕು ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಚನ್ನಪಟ್ಟಣದ ಆಸುಪಾಸಿನಲ್ಲಿರುವವರು ಅಲ್ಲಿನ ಆಟಿಕೆ ಕುಶಲಕರ್ಮಿಗಳಿಂದ ಗಾಲಿಗಳನ್ನು ಲೇತ್‌ನಲ್ಲಿ ಕಡೆಸಿಕೊಂಡರೆ ಕೆಲಸ ಇನ್ನೂ ಅಚ್ಚುಕಟ್ಟಾಗುತ್ತದೆ.

ಉರುಳೆಗೆ ದುಂಡು ಕೋಲಿನಿಂದ 6 ಸೆಂ.ಮೀ. ಉದ್ದದ ತುಂಡು ತೆಗೆದು, ಎರಡೂ ತುದಿಗಳಿಂದ ನಡುವಿನವರೆಗೆ 6 ಮಿ.ಮೀ. ರಂಧ್ರ ಕೊರೆಯಿರಿ. ಅದನ್ನು 29 ಸೆಂ.ಮೀ. ಉದ್ದದ ಸರಳಿನ ನಡುವೆ ಎಪಾಕ್ಸಿಯಿಂದ ಕೂರಿಸಿ. ಅಂಟೊಂದನ್ನೇ ನಂಬಬೇಡಿ, ಸರಳಿನ ಮೇಲೆ ಅರದಿಂದ ಚಪ್ಪಟೆ ಮಾಡಿ, ಅಲ್ಲಿಗೆ ಒತ್ತುವಂತೆ ಪಕ್ಕದಿಂದ ತಿರುಪು ಮೊಳೆಯೊಂದನ್ನು ಬಿಗಿಯಿರಿ. ಗಾಲಿಗಳು ಸರಳಿಗೆ ಭದ್ರವಾಗಿ ಅಂಟಿಕೊಂಡಿರಬೇಕು, ಸರಳು ಮಾತ್ರ ಬುಷ್‌ಗಳಲ್ಲಿ ತಿರುಗಬೇಕು. ಆದರೆ ಗಾಲಿಗಳನ್ನು ಈಗಲೇ ಅಂಟಿಸಬೇಡಿ. ಸರಳನ್ನು ಬುಷ್‌ಗಳೊಳಗೆ ತೂರಿಸಿದ ಮೇಲೆ ಮೂರನೆಯ ಹಂತದಲ್ಲಿ ಅಂಟಿಸಿ.

ದಪ್ಪ ಮರದ ಕೋಲನ್ನೇ ಅಚ್ಚಾಗಿ ಮಾಡಿ ಮರದ ತೂತಿನಲ್ಲಿ ತಿರುಗಿಸುವುದು ಸುಲಭವೆಂದು ಕಾಣಬಹುದು. ಹಾಗೆ ಮಾಡಿದ ಬಂಡಿಗಳೇ ಹೆಚ್ಚಾಗಿ ನಿಂತುಬಿಡುತ್ತವೆ. ಘರ್ಷಣೆ ಅಚ್ಚಿನ ದಪ್ಪಕ್ಕೆ ತಕ್ಕಂತೆ ಹೆಚ್ಚುತ್ತದೆ. ಹೆರಾನ್ ಕೂಡ ತಿರುಗುವ ಭಾಗಗಳಿಗೆ ಕಬ್ಬಿಣದ ಮೊನೆ, ಕಂಚಿನ ಗೂಡು, ಜೊತೆಗೆ ಎಣ್ಣೆಯನ್ನು ಹೇಳಿರುವುದು ಇದೇ ಕಾರಣಕ್ಕೆ.

ಹಂತ 3: ತಳ ಮತ್ತು ಕಾಳಿನ ಪೆಟ್ಟಿಗೆ

12 ಮಿ.ಮೀ. ಪ್ಲೈವುಡ್‌ನಲ್ಲಿ 28 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲದ ತಳಹಲಗೆ ಮಾಡಿ. ಅದರ ಮೇಲೆ ಹಿಂಬದಿಯಿಂದ 4 ಸೆಂ.ಮೀ. ಬಿಟ್ಟು, ಸುರಿದ ಕಾಳನ್ನು ಹಿಡಿಯುವ ಪೆಟ್ಟಿಗೆಯನ್ನು ಕೂರಿಸಿ: ಉದ್ದ 16, ಅಗಲ 24, ಎತ್ತರ 8 ಸೆಂ.ಮೀ. ಕಾಳನ್ನು ಹೊರತೆಗೆಯಲು ಮುಂದುಗಡೆ ಚಿಕ್ಕ ಬಾಗಿಲಿರಲಿ. ಈ ಪೆಟ್ಟಿಗೆಯ ಅಳತೆಯನ್ನು ಕಡಿಮೆ ಮಾಡಬೇಡಿ. ಸುರಿದ ಕಾಳು ನೀರಿನಂತೆ ಸಮತಟ್ಟಾಗಿ ಹರಡುವುದಿಲ್ಲ, ಗುಡ್ಡೆಯಾಗುತ್ತದೆ. ಗುಡ್ಡೆಯ ತುದಿ ರಂಧ್ರವನ್ನು ಮುಟ್ಟಿದ ಕ್ಷಣ ಬಂಡಿ ಅರ್ಧದಾರಿಯಲ್ಲಿ ನಿಲ್ಲುತ್ತದೆ.

ತಳಹಲಗೆಯ ಕೆಳಗೆ ಎರಡೂ ಅಂಚಿಗೆ ಬುಷ್ ಕೂರಿಸಿದ ತೂಗುಹಲಗೆಗಳನ್ನು ಬಿಗಿದು, ಅಚ್ಚಿನ ನಡುವು ತಳಹಲಗೆಯ ಕೆಳಮೈಯಿಂದ 30 ಮಿ.ಮೀ. ಕೆಳಗೆ ಬರುವಂತೆ ನೋಡಿಕೊಳ್ಳಿ. ಅಚ್ಚು ಪೆಟ್ಟಿಗೆಯ ಹಿಂಗೋಡೆಯಿಂದ 14 ಮಿ.ಮೀ. ಹಿಂದಕ್ಕಿರಬೇಕು. ಅದರ ನೇರಕ್ಕೆ ತಳಹಲಗೆಯಲ್ಲಿ ದಾರ ಹಾದುಹೋಗಲು ಬಂಡಿಯ ಉದ್ದದ ದಿಕ್ಕಿನಲ್ಲಿ 3, ಅಡ್ಡಕ್ಕೆ 6 ಸೆಂ.ಮೀ. ಕಿಂಡಿ ತೆರೆಯಿರಿ, ಕಿಂಡಿ ಚಿಕ್ಕದಾದರೆ ದಾರ ಅಂಚಿಗೆ ಉಜ್ಜಿ ತುಂಡಾಗುತ್ತದೆ. ಮುಂಗಾಲಿಯನ್ನು ಮುಂದುಗಡೆ ನಡುವೆ, ನೇರ ದಿಕ್ಕಿಗೆ ಬಿಗಿದು, ಅದರ ಅಚ್ಚು 50 ಮಿ.ಮೀ. ಕೆಳಗಿರುವಂತೆ ಇಟ್ಟರೆ ಹಲಗೆ ಸಮತಲವಾಗಿ ನಿಲ್ಲುತ್ತದೆ. ರಸಮಟ್ಟವಿಟ್ಟು ನೋಡಿ. ಗೋಪುರವಿಲ್ಲದ ಬಂಡಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಅದು ಸದ್ದಿಲ್ಲದೆ ದೂರ ಉರುಳಬೇಕು. ಉರುಳದಿದ್ದರೆ ಮುಂದಿನ ಹಂತಕ್ಕೆ ಹೋಗುವುದು ವ್ಯರ್ಥ.

ಹಂತ 4: ಗೋಪುರ, ಭಾರ, ರಾಟೆ

6 ಮಿ.ಮೀ. ಪ್ಲೈವುಡ್‌ನಿಂದ ಒಳಗೆ 7 ಸೆಂ.ಮೀ. ಚೌಕ, 40 ಸೆಂ.ಮೀ. ಎತ್ತರದ ಗೋಪುರ ಮಾಡಿ. ಅಂಟಿಸುವ ಮುಂಚೆ ಒಳಮೈಯನ್ನು ನುಣ್ಣಗೆ ಉಜ್ಜಿ ಮೇಣ ಸವರಿ. ಆಮೇಲೆ ಕೈ ಒಳಗೆ ಹೋಗುವುದಿಲ್ಲ. ಗೋಪುರದ ಹಿಂಗೋಡೆ ಕಾಳಿನ ಪೆಟ್ಟಿಗೆಯ ಹಿಂಗೋಡೆಗೆ ಸರಿಸಮನಾಗಿ ನಿಲ್ಲಬೇಕು.

ಭಾರಕ್ಕಾಗಿ ಹೊರಗೆ 6.8 ಸೆಂ.ಮೀ. ಚೌಕ, 10 ಸೆಂ.ಮೀ. ಎತ್ತರದ ತೆಳು ಪೆಟ್ಟಿಗೆ ಮಾಡಿ, ಒಟ್ಟು ತೂಕ ಒಂದೂವರೆ ಕಿಲೋ ಆಗುವಷ್ಟು ನಟ್ಟುಗಳನ್ನು ಅಲುಗಾಡದಂತೆ ತುಂಬಿ. ಎತ್ತರ ಅಗಲಕ್ಕಿಂತ ಹೆಚ್ಚಿರುವುದು ಕಡ್ಡಾಯ, ಇಲ್ಲವಾದರೆ ಅದು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಗೋಡೆಗೂ ಭಾರಕ್ಕೂ ನಡುವೆ ಸುತ್ತಲೂ 1 ಮಿ.ಮೀ. ಸಂದಿರುತ್ತದೆ, ಇಡೀ ಕಾಳು ಅದರೊಳಗೆ ನುಸುಳದು, ಆದರೆ ನುಚ್ಚು ನುಸುಳಿ ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಕಾಳನ್ನು ಜರಡಿ ಹಿಡಿದು ನುಚ್ಚು, ಕಲ್ಲು, ಸಿಪ್ಪೆಯನ್ನು ಪೂರ್ತಿ ತೆಗೆಯಿರಿ. ದಾರವನ್ನು ಭಾರದ ಮುಚ್ಚಳದ ನಟ್ಟನಡುವೆಯೇ ಕಟ್ಟಿ.

ಗೋಪುರದ ನೆತ್ತಿಯಲ್ಲಿ ಒಂದೇ ರಾಟೆ ಸಾಕು. ಅದರ ಗಾಡಿಯ (ದಾರ ಕೂರುವ ಕೊರೆತದ) ತಳದಲ್ಲಿ ಅಳೆದಾಗ ವ್ಯಾಸ 55 ಮಿ.ಮೀ. ಇದ್ದರೆ, ದಾರ ಒಂದು ಕಡೆ ಗೋಪುರದ ನಡುವಿಗೂ ಇನ್ನೊಂದು ಕಡೆ ಹಿಂಗೋಡೆಯ ಹೊರಗೆ ಸರಿಯಾಗಿ ಅಚ್ಚಿನ ಮೇಲಕ್ಕೂ ಇಳಿಯುತ್ತದೆ. ನಡುವೆ ಚಿಕ್ಕದು, ಎರಡೂ ಬದಿಗೆ ದೊಡ್ಡದು ಎಂಬಂತೆ ಮೂರು ತೆಳು ಬಿಲ್ಲೆಗಳನ್ನು ಅಂಟಿಸಿದರೆ ರಾಟೆ ಸಿದ್ಧ.

ಹಂತ 5: ರಂಧ್ರ ಮತ್ತು ಬಾಗಿಲು

ಗೋಪುರದ ತಳದ ನಡುವೆ ಮೊದಲು 8 ಮಿ.ಮೀ. ರಂಧ್ರ ಕೊರೆದು ಪರೀಕ್ಷಿಸಿ, ಬಳಿಕ ಸ್ವಲ್ಪಸ್ವಲ್ಪವಾಗಿ ದೊಡ್ಡದು ಮಾಡಿ. 12 ಮಿ.ಮೀ. ತಲುಪಿದಾಗ ಇಡೀ ಇಳಿತಕ್ಕೆ ಒಂದು ನಿಮಿಷಕ್ಕೆ ತುಸು ಹೆಚ್ಚು ಸಮಯ ಹಿಡಿಯುತ್ತದೆ. ನೋಡುವವರಿಗೆ ಅದು ಹಿತವಾದ ವೇಗ. ರಂಧ್ರದ ಕೆಳಗೆ ತಗಡಿನ ಜಾರುಬಾಗಿಲು ಇಟ್ಟು, ಅದಕ್ಕೆ ಕಟ್ಟಿದ ದಾರವನ್ನು ಹೊರಗೆ ತನ್ನಿ. ತಳ ಚಪ್ಪಟೆಯಾಗಿರುವುದರಿಂದ ಮೂಲೆಗಳಲ್ಲಿ ಸುಮಾರು 3 ಸೆಂ.ಮೀ. ಕಾಳು ಉಳಿದೇ ಉಳಿಯುತ್ತದೆ. ಹಾಗಾಗಿ 28 ಸೆಂ.ಮೀ. ಎತ್ತರಕ್ಕೆ ಕಾಳು ತುಂಬಿದರೆ ಬಳಕೆಗೆ ಸಿಗುವ ಇಳಿತ 25 ಸೆಂ.ಮೀ. ಮಾತ್ರ.

ಹಂತ 6: ದಾರ ಸುತ್ತುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆಯನ್ನು ಇದಕ್ಕೆ ಮೀಸಲಿಡಿ.

ಮೊದಲು ಲೆಕ್ಕ. ಬಂಡಿ ಸಾಗುವ ದೂರವು ಭಾರದ ಇಳಿತವನ್ನು ಗಾಲಿಯ ವ್ಯಾಸದಿಂದ ಗುಣಿಸಿ ಉರುಳೆಯ ವ್ಯಾಸದಿಂದ ಭಾಗಿಸಿದಷ್ಟು. ದಾರದ ದಪ್ಪ ಸೇರಿ ಉರುಳೆಯನ್ನು 21 ಮಿ.ಮೀ. ಎಂದು ಹಿಡಿದರೆ, 1 ಸೆಂ.ಮೀ. ದಾರ ಬಿಚ್ಚಿಕೊಂಡಾಗ ಬಂಡಿ ಸುಮಾರು 5.7 ಸೆಂ.ಮೀ. ನಡೆಯುತ್ತದೆ, 25 ಸೆಂ.ಮೀ. ಇಳಿತಕ್ಕೆ ಒಟ್ಟು 140 ಸೆಂ.ಮೀ.ಗೆ ತುಸು ಮೇಲೆ. ಹೆಚ್ಚು ದೂರದ ಆಸೆಗೆ ಉರುಳೆಯನ್ನು ತೆಳ್ಳಗೆ ಮಾಡಬೇಡಿ. ದೂರ ಎಷ್ಟು ಹೆಚ್ಚುತ್ತದೆಯೋ ಎಳೆಯುವ ಬಲ ಅಷ್ಟೇ ಕುಗ್ಗುತ್ತದೆ.

ಉರುಳೆಯ ಮೇಲೆ ಎರಡು ಗೂಟಗಳನ್ನು ಬಡಿಯಿರಿ: ಒಂದು ಬದಿಯ ಹತ್ತಿರ ಮೊದಲನೆಯದು, ನಡುಭಾಗದಲ್ಲಿ ಎರಡನೆಯದು. ಪ್ರತಿಯೊಂದೂ ಹೊರಗೆ 8 ಮಿ.ಮೀ. ಚಾಚಿರಲಿ, ನುಣುಪಾಗಿರಲಿ, ತಲೆಯಿರುವ ಮೊಳೆಯಂತೂ ಆಗಿರಬಾರದು.

ಬಂಡಿ ಮುಂದೆ ಹೋಗಿ, ಸ್ವಲ್ಪ ನಿಂತು, ಹಿಂದಕ್ಕೆ ಬರಬೇಕೆಂದುಕೊಳ್ಳಿ. ಕೊನೆಯಲ್ಲಿ ಆಗಬೇಕಾದದ್ದನ್ನು ಮೊದಲು ಸುತ್ತಬೇಕೆಂಬುದನ್ನು ಮರೆಯಬೇಡಿ. ದಾರದ ತುದಿಯ ಕುಣಿಕೆಯನ್ನು ಮೊದಲ ಗೂಟಕ್ಕೆ ತೊಡಿಸಿ, ಹಿಮ್ಮುಖ ಚಲನೆಯ ದಿಕ್ಕಿಗೆ 10 ಸೆಂ.ಮೀ. ಸುತ್ತಿ. ಬಳಿಕ 5 ಸೆಂ.ಮೀ. ದಾರವನ್ನು ಸುತ್ತದೆ, ಸಡಿಲವಾದ ಮಡಿಕೆಯಾಗಿ ಉರುಳೆಯ ಮೈಗೆ ಮೇಣದಿಂದ ಲಘುವಾಗಿ ಅಂಟಿಸಿ. ಅನಂತರ ದಾರವನ್ನು ಎರಡನೆಯ ಗೂಟಕ್ಕೆ ಬಳಸಿ, ವಿರುದ್ಧ ದಿಕ್ಕಿಗೆ 10 ಸೆಂ.ಮೀ. ಸುತ್ತಿ, ಮೇಲಿನ ರಾಟೆಗೆ ಒಯ್ಯಿರಿ. ಸುತ್ತುಗಳನ್ನು ಎಣಿಸುವ ಬದಲು ದಾರದ ಮೇಲೆ ಮೊದಲೇ ಬಣ್ಣದ ಗುರುತು ಹಾಕಿಟ್ಟರೆ ತಪ್ಪು ಕಡಿಮೆ.

ಬಂಡಿ ಹೊರಟಾಗ ಕೊನೆಯ ಸುತ್ತು ಮೊದಲು ಬಿಚ್ಚಿಕೊಳ್ಳುತ್ತದೆ, ಬಂಡಿ ಸುಮಾರು 57 ಸೆಂ.ಮೀ. ಮುಂದೆ ಸಾಗುತ್ತದೆ. ಎರಡನೆಯ ಗೂಟ ಮೇಲ್ಮುಖವಾದಾಗ ದಾರ ಅದರ ಉದ್ದಕ್ಕೂ ಜಾರಿ ತಾನಾಗಿ ಕಳಚಿಕೊಳ್ಳುತ್ತದೆ. ಗೂಟಕ್ಕೆ ತಲೆಯಿರಬಾರದೆಂದು ಹೇಳಿದ್ದು ಇದಕ್ಕಾಗಿಯೇ. ಆಮೇಲೆ ಮೇಣದ ಮಡಿಕೆ ಬಿಚ್ಚುತ್ತದೆ. ಅಷ್ಟು ಹೊತ್ತು ಭಾರ ಇಳಿಯುತ್ತಲೇ ಇರುತ್ತದೆ, ಆದರೆ ದಾರ ಸಡಿಲವಾಗಿರುವುದರಿಂದ ಬಂಡಿ ಹದಿನೈದು ಸೆಕೆಂಡಿನಷ್ಟು ನಿಂತಿರುತ್ತದೆ. ಮಡಿಕೆ ಮುಗಿದೊಡನೆ ದಾರ ಬಿಗಿಯಾಗಿ ಬಂಡಿ ಬಂದ ದಾರಿಯಲ್ಲೇ ಮರಳುತ್ತದೆ. ಸಡಿಲ ದಾರವನ್ನು ಮೇಣದಿಂದ ಅಂಟಿಸಿ ವಿರಾಮ ಪಡೆಯುವ ಈ ಉಪಾಯ ಹೆರಾನ್‌ನದೇ. ಎರಡು ಸಾವಿರ ವರ್ಷಗಳ ಹಿಂದೆ ಸಮಯವನ್ನು ದಾರದ ಉದ್ದದಲ್ಲಿ ಅಳೆದು ಕೂಡಿಟ್ಟ ಆ ಬುದ್ಧಿಯನ್ನು ಸ್ವತಃ ಸುತ್ತಿ ನೋಡಿದಾಗ ಮಾತ್ರ ಪೂರ್ತಿ ಅರಿಯಲು ಸಾಧ್ಯ ಎಂದು ನಾನು ನಂಬಿದ್ದೇನೆ.

ಹಂತ 7: ಓಡಿಸುವುದು

ನೆಲ ಗಟ್ಟಿಯಾಗಿ, ಸಮತಟ್ಟಾಗಿ, ನುಣುಪಾಗಿರಬೇಕು. ಇಲ್ಲದಿದ್ದರೆ ಹಲಗೆಗಳನ್ನು ಹಾಸಬೇಕೆಂದು ಹೆರಾನ್ ಹೇಳುತ್ತಾನೆ. ಟೈಲ್ಸ್ ನೆಲದ ಸಂದುಗಳೇ ಬಂಡಿಯನ್ನು ತಡೆಯಲು ಸಾಕು, ಅಂಥಲ್ಲಿ ಪ್ಲೈವುಡ್ ಹಾಳೆಯೊಂದನ್ನು ಹಾಸಿ. ಭಾರ ಮೇಲಿರುವಾಗ ಬಂಡಿ ಬೇಗ ಮಗುಚುತ್ತದೆ, ಆದ್ದರಿಂದ ಎತ್ತಿ ಸಾಗಿಸುವಾಗ ಭಾರವನ್ನು ಹೊರತೆಗೆದಿರಿ, ಮಕ್ಕಳಿದ್ದರೆ ಮೊದಲ ಓಟದಲ್ಲಿ ಅವರನ್ನು ಒಂದು ಮೀಟರ್ ದೂರವಿರಿಸಿ.

ಬಂಡಿ ಕದಲದಿದ್ದರೆ ಮೊದಲು ಬುಷ್‌ಗೆ ಒಂದು ಹನಿ ಎಣ್ಣೆ ಬಿಟ್ಟು, ಗಾಲಿ ತೂಗುಹಲಗೆಗೆ ತಾಗುತ್ತಿದೆಯೇ ನೋಡಿ. ಆಗಲೂ ಕದಲದಿದ್ದರೆ ಉರುಳೆಗೆ ಕಾಗದ ಸುತ್ತಿ ಅಂಟಿಸಿ ದಪ್ಪಗೊಳಿಸಿ. ಭಾರ ಹೆಚ್ಚಿಸುವುದು ಕೊನೆಯ ಉಪಾಯ, ಏಕೆಂದರೆ ಅದು ಬಂಡಿಯ ಒಟ್ಟು ತೂಕವನ್ನೂ ಹೆಚ್ಚಿಸುತ್ತದೆ. ಬಂಡಿ ತಡೆತಡೆದು ಜಿಗಿಯುತ್ತಿದ್ದರೆ ಭಾರ ಗೋಪುರದ ಗೋಡೆಗೆ ಕಚ್ಚುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಕಾಳು ತೇವ ಹೀರಿ ಒಂದಕ್ಕೊಂದು ಅಂಟುತ್ತದೆ, ಬಿಸಿಲಿಗೆ ಒಣಗಿಸಿಕೊಳ್ಳಿ. ಪ್ರದರ್ಶನ ಮುಗಿದ ಮೇಲೆ ಕಾಳನ್ನು ಬಂಡಿಯಲ್ಲೇ ಬಿಟ್ಟರೆ ಹುಳು ಹಿಡಿಯುತ್ತದೆ, ಮೇಣ ಮತ್ತು ಕಬ್ಬಿಣ ತಾಗಿದ್ದರಿಂದ ಅದನ್ನು ಮತ್ತೆ ಅಡುಗೆಗೂ ಬಳಸಬಾರದು.

ಹಂತ 8: ತಿರುವು ಮತ್ತು ವೃತ್ತ

ನೇರ ಓಟ ಪ್ರತಿಸಲವೂ ಒಂದೇ ಜಾಗದಲ್ಲಿ ಮುಗಿಯತೊಡಗಿದ ಮೇಲೆ ಇದಕ್ಕೆ ಕೈಹಾಕಿ. ಅಚ್ಚನ್ನು ನಡುವೆ ಎರಡಾಗಿಸಿ, ಪ್ರತಿ ಗಾಲಿಗೂ ಅದರದೇ ಅರೆ ಅಚ್ಚು, ಅದರದೇ ಉರುಳೆ, ಅದರದೇ ದಾರ ಕೊಡಿ. ದಾರಗಳೆರಡೂ ಒಂದೇ ಭಾರಕ್ಕೆ ಸೇರುತ್ತವೆ, ರಾಟೆಗೆ ಎರಡು ಗಾಡಿಗಳಿರಬೇಕು. ಪ್ರತಿ ಅರೆ ಅಚ್ಚಿಗೆ ಎರಡೆರಡು ಬುಷ್ ಬೇಕು. ಮುಂಗಾಲಿಯನ್ನು ಎಲ್ಲ ಕಡೆಗೂ ಹೊರಳುವಂತೆ ಬದಲಿಸಿ. ಎಡ ಉರುಳೆಯಲ್ಲಿ ಸಡಿಲ ಮಡಿಕೆಯಿರುವಾಗ ಬಲ ಉರುಳೆ ಬಿಚ್ಚಿಕೊಂಡರೆ ಬಂಡಿ ಎಡಕ್ಕೆ ತಿರುಗುತ್ತದೆ. ಎರಡು ಗಾಲಿಗಳ ನಡುವಿನ ಅಂತರ 26 ಸೆಂ.ಮೀ. ಇದ್ದರೆ, ಸಮಕೋನದ ತಿರುವಿಗೆ ಹೊರಗಾಲಿ ಸುಮಾರು 41 ಸೆಂ.ಮೀ. ಸಾಗಬೇಕು, ಅದಕ್ಕೆ 7 ಸೆಂ.ಮೀ.ಗಿಂತ ತುಸು ಹೆಚ್ಚು ದಾರ ಬೇಕು. ಎಡಭಾಗದ ಮಡಿಕೆಯೂ ಅಷ್ಟೇ ಉದ್ದವಿರಲಿ. ನಿಂತಿರಬೇಕಾದ ಗಾಲಿ ಜರುಗದಂತೆ ಅದರ ಅಚ್ಚಿಗೆ ಚಿಕ್ಕ ಕಂಬಳಿ ತುಂಡನ್ನು ಹಗುರವಾಗಿ ಒತ್ತಿಸಿಡಿ.

ಬಂಡಿ ವೃತ್ತದಲ್ಲಿ ಸುತ್ತಬೇಕಾದರೆ ಅಚ್ಚನ್ನು ಎರಡು ಮಾಡಬೇಕಿಲ್ಲ, ಒಂದೇ ಅಚ್ಚಿಗೆ ಬೇರೆ ಬೇರೆ ವ್ಯಾಸದ ಗಾಲಿಗಳನ್ನು ಹಾಕಿದರೆ ಸಾಕು ಎಂಬುದನ್ನೂ ಹೆರಾನ್ ವಿವರಿಸಿದ್ದಾನೆ. ಹೊರಗಾಲಿ 120, ಒಳಗಾಲಿ 100 ಮಿ.ಮೀ. ಇದ್ದು ಅಂತರ 26 ಸೆಂ.ಮೀ. ಆಗಿದ್ದರೆ, ಹೊರಗಾಲಿ ಸುಮಾರು 156 ಸೆಂ.ಮೀ. ತ್ರಿಜ್ಯದ ವೃತ್ತವನ್ನು ಬರೆಯುತ್ತದೆ. ಹೀಗೆ ಮಾಡುವಾಗ ಅಚ್ಚು ಓರೆಯಾಗುವುದರಿಂದ ಒಳಬದಿಯ ತೂಗುಹಲಗೆಯನ್ನು 10 ಮಿ.ಮೀ. ಉದ್ದವಾಗಿಸಿ ತಳಹಲಗೆಯನ್ನು ಮತ್ತೆ ಸಮತಲಕ್ಕೆ ತನ್ನಿ, ಮುಂಗಾಲಿಯನ್ನೂ ವೃತ್ತದ ದಾರಿಗೆ ಸರಿಯಾಗಿ ತುಸು ಒಳಮುಖವಾಗಿ ತಿರುಗಿಸಿ ಬಿಗಿಯಿರಿ.